ಕೇಪು ಕಳಚದ ತೋಟೆ

"ಉಣ್ಣೆ ಕಾಲುಚೀಲ ಎಷ್ಟು ಜೊತೆ ಇಡ್ಲೇ ಇರ್ಮಾ? ಆ ಜೈಲಲ್ಲಿ ಚಳಿ ಇಲ್ಲಿಗಿಂತ ಜಾಸ್ತಿನಾ?"

ಆರ್ಡಿತ್ ಹೌಗೆನ್ ಕೇಳಿದ ರೀತಿ ನೋಡಿದರೆ ಗಂಡ ಎಲ್ಲೋ ಮೀನು ಹಿಡಿಯಲು ಹೊರಟಿದ್ದಾನೆ ಎನ್ನಬೇಕು. ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದೆ. ಬೂಟಿಗಂಟಿದ ಹಿಮ ಕರಗಿ, ಅವಳು ಬೆಳಿಗ್ಗೆಯಷ್ಟೇ ಒರೆಸಿದ್ದ ನೆಲದ ಮೇಲೆ ನೀರು ಹರಿಯುತ್ತಿತ್ತು.

"ಇರೋದನ್ನೆಲ್ಲ ಇಡು," ಎಂದೆ. "ಅಲ್ಲಿ ಕೊಡೋವು ಒಂದು ಸಲ ತೊಳೆದ್ರೆ ಜರಡಿ ಆಗ್ತವೆ."

ವಿನ್ಸ್ ಕ್ರೆಬ್ಸ್ ಎಂಬ ನೆರೆಯವನನ್ನು ಅವನದೇ ಬೇಲಿಯ ಪಕ್ಕದಲ್ಲಿ ಗುಂಡಿಟ್ಟು ಕೊಂದ ಆರೋಪದ ಮೇಲೆ ಲೋವೆಲ್ ಹೌಗೆನ್ ನಮ್ಮ ಲಾಕಪ್ಪಿನಲ್ಲಿದ್ದ. ಅಂದು ಮಧ್ಯಾಹ್ನ ಅವನು ತಪ್ಪೊಪ್ಪಿಗೆಗೆ ಸಹಿ ಹಾಕುವವನಿದ್ದ. ಹಾಕಿದರೆ ಇಪ್ಪತ್ತು ವರ್ಷ. ಹಾಕದೆ ವಿಚಾರಣೆ ನಡೆದು ಸೋತರೆ ಹೆಣವಾಗಿಯೇ ಹೊರಗೆ ಬರುವುದು. ಅರವತ್ತು ದಾಟಿದ ಮನುಷ್ಯನಿಗೆ ಎರಡೂ ಒಂದೇ ಎಂದು ಸರ್ಕಾರ ನೇಮಿಸಿಕೊಟ್ಟ ಅವನ ವಕೀಲನಿಗೆ ಯಾರು ಬುದ್ಧಿ ಹೇಳಬೇಕು?

ನಾನು ಶೆರಿಫನ ಕೈಕೆಳಗಿನ ಡೆಪ್ಯುಟಿ. ಲೋವೆಲನನ್ನು ಹಿಡಿದು ತಂದವಳೂ ನಾನೇ. ಅವತ್ತಿನಿಂದ ನನಗೆ ಸರಿಯಾಗಿ ಊಟ ಸೇರಿಲ್ಲ.

ಅವನ ವಿರುದ್ಧ ಇದ್ದದ್ದು ಎರಡೇ ಮಾತು. ಒಂದು, ಬಾರಿನಲ್ಲಿ ಹತ್ತು ಜನರೆದುರು ಅವನು ವಿನ್ಸನಿಗೆ, "ಇನ್ನೊಂದು ಸಲ ನನ್ನ ಗೇಟು ತೆರೆದಿಟ್ಟು ಹೋದ್ರೆ ನಿನ್ನ ಅಲ್ಲೇ ಮಲಗಿಸ್ತೀನಿ" ಎಂದಿದ್ದ. ಇನ್ನೊಂದು, ಕೊಲೆಗಾರ ಹೊಂಚು ಹಾಕಿದ್ದ ಪೈನ್ ಮರದ ಬೊಡ್ಡೆಯ ಬಳಿ ಸಿಕ್ಕಿದ ಒಂದು ಖಾಲಿ ಹಿತ್ತಾಳೆ ತೋಟೆ. ಗುಂಡು ವಿನ್ಸನ ಎದೆ ಹಾದು ಹಿಮದಲ್ಲಿ ಎಲ್ಲಿ ಹೂತಿತೋ ಸಿಗಲೇ ಇಲ್ಲ. ಆದರೆ ತೋಟೆಯ ಬುಡದಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಕೇಪಿನ ಮೇಲೆ ಬಡಿದ ಗುರುತು ಲೋವೆಲನ ಕೋವಿಯದೇ ಎಂದು ಪ್ರಯೋಗಾಲಯದವರು ಖಚಿತವಾಗಿ ಬರೆದು ಕಳಿಸಿದ್ದರು.

ನನಗೆ ಅದೇ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಮೊಂಟಾನಾದ ಈ ಮೂಲೆಯಲ್ಲಿ ತೋಟೆಯನ್ನು ಮನೆಯಲ್ಲೇ ತುಂಬಿಕೊಳ್ಳುವವರು ಖಾಲಿಯಾದದ್ದನ್ನು ನೆಲದಲ್ಲಿ ಬಿಟ್ಟು ಬರುವುದಿಲ್ಲ. ಹೊಡೆದ ಎಲ್ಕ್ ಜಿಂಕೆ ಓಡಿಹೋಗುತ್ತಿದ್ದರೂ ಮೊದಲು ಬಗ್ಗಿ ಹಿತ್ತಾಳೆ ಹೆಕ್ಕುತ್ತಾರೆ. ನನ್ನ ಅಪ್ಪನಿಗೆ ಕಾಡಿನಲ್ಲಿ ಹೃದಯ ನಿಂತಾಗ ನಾವು ಅವನನ್ನು ಹೊತ್ತು ತಂದೆವು. ಮುಷ್ಟಿ ಬಿಡಿಸಿ ನೋಡಿದರೆ ಒಳಗೆ ಖಾಲಿ ತೋಟೆ ಇತ್ತು.

ಶೆರಿಫ್ ಬ್ರುಗರ್‌ಗೆ ಇದನ್ನು ಹೇಳಿದ್ದೆ. "ಮನುಷ್ಯನನ್ನ ಕೊಂದವನಿಗೆ ಕೈಕಾಲು ನಡುಗಿರುತ್ತೆ ಇರ್ಮಾ, ಹಿತ್ತಾಳೆ ನೆನಪಾಗುತ್ತಾ?" ಎಂದು ಅವರು ಕಡತ ಮುಚ್ಚಿದರು. ಅವರು ಹೇಳಿದ್ದರಲ್ಲೂ ಅರ್ಥ ಇತ್ತು, ಅದೇ ಸಂಕಟ.

ಆರ್ಡಿತ್ ಕಾಲುಚೀಲ, ಓದುವ ಕನ್ನಡಕ, ಹಳೆಯ ಕೆಂಪು ಸ್ವೆಟರು ಎಲ್ಲ ಮಡಚಿ ಪೆಟ್ಟಿಗೆಗೆ ತುಂಬಿದಳು. ಒಲೆಯ ಮೇಲೆ ಕಾಫಿ ಕುದಿದು ಕುದಿದು ಡಾಂಬರಾಗಿತ್ತು. ಅದನ್ನೇ ಬಗ್ಗಿಸಿ ಕೊಟ್ಟಳು. ಜೊತೆಗೆ ಬೆಣ್ಣೆ ಸವರಿದ ಲೆಫ್ಸೆ. ಆ ಆಲೂಗಡ್ಡೆ ರೊಟ್ಟಿಯನ್ನು ಅವಳಷ್ಟು ತೆಳ್ಳಗೆ ಲಟ್ಟಿಸುವವರು ಈ ಕಣಿವೆಯಲ್ಲಿಲ್ಲ.

"ತಿನ್ನೇ. ಒಣಗಿ ಕಡ್ಡಿ ಆಗಿದೀಯ."

"ನಿನಗೆ ಹೇಗೆ ಸೇರುತ್ತೆ ಮಾರಾಯ್ತಿ?"

"ನಂಗೂ ಸೇರಲ್ಲ. ಆದ್ರೆ ಮಾಡದೆ ಕೂತ್ರೆ ಗಡಿಯಾರದ ಸದ್ದು ಕೇಳಿಸುತ್ತೆ." ಅವಳು ಕಿಟಕಿಯಾಚೆ ನೋಡಿದಳು. ಆಚೆ ಬೂದು ಆಕಾಶ, ಅದರ ಕೆಳಗೆ ಬೂದು ಹೊಲ. ಎರಡರ ನಡುವೆ ಗೆರೆಯೇ ಇರಲಿಲ್ಲ. "ವಿನ್ಸೆಂಟ್ ಹೋದ. ಇವ್ನೂ ಹೋಗ್ತಾನೆ. ಈ ರಸ್ತೆ ಕೊನೇಲಿ ಇನ್ನು ನಾನೊಬ್ಳೇ."

ಸತ್ತವನನ್ನು ಊರಿಗೆ ಊರೇ ವಿನ್ಸ್ ಎನ್ನುತ್ತಿತ್ತು. ಅವನ ತಾಯಿ ಬದುಕಿದ್ದಾಗ ಅವಳೊಬ್ಬಳು ವಿನ್ಸೆಂಟ್ ಎನ್ನುತ್ತಿದ್ದಳು. ಸತ್ತವರ ಹೆಸರನ್ನು ಪೂರ್ತಿ ಹೇಳುವುದು ಗೌರವ ಇರಬಹುದು ಎಂದುಕೊಂಡು ನಾನು ರೊಟ್ಟಿ ಮುರಿದೆ.

ಮೇಜಿನ ತುದಿಯಲ್ಲಿ ಆ ದಿನದ ಅಂಚೆ ಬಿದ್ದಿತ್ತು. ವಿದ್ಯುತ್ ಬಿಲ್ಲು, ಬಿತ್ತನೆ ಬೀಜದ ಕಂಪನಿಯ ಜಾಹೀರಾತು, ಲೋವೆಲನ ಹೆಸರಿಗೆ ಬಂದ ಒಂದು ಪುಟ್ಟ ದಪ್ಪ ಲಕೋಟೆ. ಆರ್ಡಿತ್ ಅದನ್ನು ಚಾಕುವಿನಿಂದ ಸೀಳಿ ಅಂಗೈಗೆ ಸುರಿದುಕೊಂಡಳು. ಗುಂಡುಸೂಜಿಗಿಂತ ದಪ್ಪನೆಯ, ಬೆರಳ ಗಿಣ್ಣಿನಷ್ಟು ಉದ್ದದ ಉಕ್ಕಿನ ಸೂಜಿಗಳು ಬಿದ್ದವು.

"ಇದೇನಿದು?" ಹುಬ್ಬು ಗಂಟಿಕ್ಕಿತು. "ಅಚ್ಚಿನ ಸೂಜಿ. ಯಾಕೆ ತರಿಸಿದ? ನಮ್ಮದು ಚೆನ್ನಾಗೇ ಇದೆಯಲ್ಲ."

"ಮುರಿದಿರಬೇಕು."

"ಮುರಿದಿದ್ರೆ ನಂಗೆ ಹೇಳ್ತಿರ್ಲಿಲ್ವಾ? ಆ ಬೆಂಚಲ್ಲಿ ಅವನಷ್ಟೇ ನಾನೂ ಕೂತಿದೀನಿ."

ಅದು ನಿಜ. ಚಳಿಗಾಲ ಬಂತೆಂದರೆ ಆ ಗಂಡಹೆಂಡತಿ ಶೆಡ್ಡಿನಲ್ಲಿ ಕಬ್ಬಿಣದ ಒಲೆ ಹೊತ್ತಿಸಿಕೊಂಡು ತೋಟೆ ತಯಾರಿಸುವುದನ್ನು ನಾನೇ ಎಷ್ಟೋ ಸಲ ನೋಡಿದ್ದೆ. ಮಾತಿರುತ್ತಿರಲಿಲ್ಲ, ರೇಡಿಯೋ ಹಾಡುತ್ತಿತ್ತು. ಅದನ್ನು ಕಂಡಾಗೆಲ್ಲ ಮದುವೆಯಾಗದ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಗುತ್ತಿತ್ತು ಎಂದು ಹೇಳಿಬಿಡುತ್ತೇನೆ.

"ಶೆಡ್ಡು ಒಂದ್ಸಲ ತೋರಿಸ್ತೀಯಾ?" ಎಂದೆ.

"ಅಲ್ಲೇನಿದೆ ಇನ್ನು? ಕೋವಿ ತಗೊಂಡು ಹೋದ್ರಲ್ಲ." ಆದರೂ ಎದ್ದಳು. ಕೊರಳಲ್ಲಿದ್ದ ದಾರ ಎಳೆದಳು. ಅದರ ತುದಿಯಲ್ಲಿ ಬೀಗದ ಕೈ ಇತ್ತು.

ಶೆಡ್ಡು ಹೊರಗಿಗಿಂತ ತಣ್ಣಗಿತ್ತು. ಒಲೆ ಆರಿ ಎಷ್ಟು ದಿನವಾಗಿತ್ತೋ. ಬೆಂಚಿಗೆ ಬೋಲ್ಟು ಹಾಕಿದ ಪ್ರೆಸ್ಸು, ಅದರ ಉದ್ದನೆಯ ಹಿಡಿಕೆ, ಮೇಲೆ ತಿರುಪಿ ಕೂರಿಸಿದ ಅಚ್ಚು, ಸಾಲಾಗಿ ಕಾಫಿ ಡಬ್ಬಗಳು.

"ಯಾರದು ಯಾವ ಕೆಲಸ?" ಎಂದು ಕೇಳಿದೆ. ಗೊತ್ತಿದ್ದದ್ದೇ, ಸುಮ್ಮನೆ ಅವಳ ಬಾಯಲ್ಲಿ ಮಾತು ಬರಲಿ ಎಂದು.

"ಹಿಡಿಕೆ ಎಳೆಯೋದು ಅವ್ನು. ಬಾಯಿ ಸಮ ಮಾಡೋದು, ಅಂಚು ಕೆರೆಯೋದು, ಬುಡದ ಗುಳಿ ಕ್ಲೀನ್ ಮಾಡೋದು ನಾನು. ಅವನ ಕೆಲಸ ಮುಗಿದ ಮೇಲೇ ನನ್ನ ಡಬ್ಬಕ್ಕೆ ಬರೋದು. ನನ್ನ ಕೈಗೆ ಬರೋ ಹೊತ್ತಿಗೆ ಯಾವುದರಲ್ಲೂ ಕೇಪು ಇರಲ್ಲ." ಅವಳು ಎಡಗಡೆಯ ಡಬ್ಬವೊಂದನ್ನು ತಟ್ಟಿದಳು. "ಕೇಪು ಇದ್ರೆ ಅದು ಕೋವಿಯಿಂದ ಬಿದ್ದ ಹಾಗೇ ಇದೆ ಅಂತ. ನಾನು ಮುಟ್ಟೋ ಹಾಗಿಲ್ಲ."

ಈಡು ಹಾರಿದಾಗ ತೋಟೆ ಬಿಸಿಗೆ ಉಬ್ಬಿ ಕೋವಿಯ ಒಳಗೋಡೆಗೆ ಒತ್ತಿಕೊಳ್ಳುತ್ತದೆ. ಅದರ ಕುತ್ತಿಗೆ ಅಗಲವಾಗುತ್ತದೆ. ಮತ್ತೆ ಬಳಸಬೇಕಾದರೆ ಮೇಣದ ಜಿಡ್ಡು ಸವರಿ, ಅಚ್ಚಿನೊಳಗೆ ನೂಕಿ, ಹಿಂಡಿ ಮೊದಲಿನ ಅಳತೆಗೆ ತರಬೇಕು. ಅಚ್ಚಿನ ಒಳಗೊಂದು ಸೂಜಿ ಇರುತ್ತದೆ. ತೋಟೆ ಒಳಗೆ ಏರಿದಂತೆ ಅದು ಬುಡದಲ್ಲಿರುವ ಸುಟ್ಟ ಕೇಪನ್ನು ಚುಚ್ಚಿ ಉದುರಿಸುತ್ತದೆ. ಹಿಡಿಕೆಯ ಒಂದೇ ಎಳೆತಕ್ಕೆ ಎರಡೂ ಆಗುವುದರಿಂದ ಕೇಪು ನೋಡಿಯೇ ತೋಟೆಯ ಸ್ಥಿತಿ ಹೇಳುವುದು ಇಲ್ಲಿ ಎಲ್ಲರ ಅಭ್ಯಾಸ.

ನಾನು ಅಚ್ಚು ತಿರುಪಿ ಬಿಚ್ಚಿ ಬೆಳಕಿಗೆ ಹಿಡಿದೆ. ಸೂಜಿ ಇದ್ದ ಜಾಗದಲ್ಲಿ ಮೊಂಡು ತುಂಡೊಂದಿತ್ತು. ಬೆಂಚಿನ ಮೇಲೆಯೇ ತಪ್ಪಿತಸ್ಥ ಕೂತಿತ್ತು: ಯಾವುದೋ ಪರದೇಶದ ತೋಟೆ, ಒಳಗೆ ಇಣುಕಿದರೆ ನಡುವೆ ಒಂದು ತೂತಿನ ಬದಲು ಅಕ್ಕಪಕ್ಕ ಎರಡು ಸಣ್ಣ ತೂತು. ನೋಡದೆ ಎಳೆದಿದ್ದಾನೆ, ನಡುವೆ ದಾರಿ ಸಿಗದೆ ಸೂಜಿ ಮುರಿದಿದೆ. ನನ್ನ ಕೈಯಲ್ಲೂ ಮುರಿದದ್ದುಂಟು.

ಬೆಂಚಿನ ಕೆಳಗೆ ಇನ್ನೊಂದು ಡಬ್ಬವಿತ್ತು. ಮುಚ್ಚಳವಿಲ್ಲ. ತುಂಬ ತೋಟೆಗಳು, ಎಲ್ಲದರ ಬುಡದಲ್ಲೂ ಸುಟ್ಟ ಕೇಪು. ಹೊಡೆದು ತಂದು ಸುರಿದಿಟ್ಟ ಹಾಗೆಯೇ ಕಾಣುತ್ತಿತ್ತು. ಒಂದನ್ನು ಎತ್ತಿದೆ. ಕೈಗವಸು ಕಳಚಿ ಬೆರಳಿನಿಂದ ಸವರಿದೆ. ಜಿಡ್ಡು.

ಕಪಾಟಿನಿಂದ ಒಂದು ಗುಂಡು ತೆಗೆದು ಆ ತೋಟೆಯ ಬಾಯಿಗಿಟ್ಟೆ. ಆಗಷ್ಟೇ ಹೊಡೆದ ತೋಟೆಯಾದರೆ ಗುಂಡು ಸಲೀಸಾಗಿ ಒಳಗೆ ಜಾರಬೇಕು. ಇದು ಜಾರಲಿಲ್ಲ. ಹೆಬ್ಬೆರಳಿಂದ ಒತ್ತಿದೆ. ಬಾಯಿಯ ಮೇಲೆಯೇ ಗಟ್ಟಿಯಾಗಿ ನಿಂತಿತು.

ಲೋವೆಲ್ ಸೂಜಿ ಮುರಿದ ಮೇಲೂ ಕೈ ನಿಲ್ಲಿಸಿರಲಿಲ್ಲ. ಕೇಪನ್ನು ಬುಡದಲ್ಲಿ ಹಾಗೇ ಬಿಟ್ಟು ಡಬ್ಬ ಪೂರ್ತಿ ಹಿಂಡಿಟ್ಟಿದ್ದ, ಹೊಸ ಸೂಜಿ ಬಂದ ಮೇಲೆ ಕೇಪು ಉದುರಿಸಿದರಾಯಿತು ಎಂದು. ಆರ್ಡಿತ್‌ಗೆ ಇದು ಗೊತ್ತಿಲ್ಲ ಎಂದರೆ, ಕೊಲೆಗೆ ಸ್ವಲ್ಪ ಮುಂಚೆ ಅವಳು ತಂಗಿಯ ಮನೆಗೆ ಹೋಗಿದ್ದಾಗಲೇ ಆದದ್ದಿರಬೇಕು.

ಆಗಲೇ ಶೆರಿಫ್ ಬಳಿ ಓಡಬೇಕೆನಿಸಿತು. ಆದರೂ ಸರಿಯಾದ ಪ್ರಶ್ನೆ ಸರಿಯಾದ ಕ್ರಮದಲ್ಲಿ ಕೇಳಬೇಕು ಎಂಬಷ್ಟು ಬುದ್ಧಿ ಇತ್ತು.

"ಆರ್ಡಿತ್, ನೀನು ತಂಗಿ ಮನೆಯಿಂದ ಬಂದ ಮೇಲೆ, ವಿನ್ಸ್ ಸಾಯೋದಕ್ಕೆ ಮುಂಚೆ, ಲೋವೆಲ್ ಇಲ್ಲಿ ಕೂತಿದ್ನಾ?"

"ಇಲ್ಲ. ಕರುಗಳಿಗೆ ಕೆಮ್ಮು ಬಂದಿತ್ತು, ಹಗಲೂ ರಾತ್ರಿ ಕೊಟ್ಟಿಗೇಲೇ ಇದ್ದ."

"ಮತ್ಯಾರಾದ್ರೂ ಬಂದಿದ್ರಾ? ಏನಾದ್ರೂ ಸಾಲ ಕೇಳೋಕೆ, ತಕ್ಕಡಿಗೆ, ಮದ್ದಿಗೆ?"

"ಯಾರೂ ಬಂದಿಲ್ಲ."

"ಚೆನ್ನಾಗಿ ನೆನಪು ಮಾಡ್ಕೋ."

"ಅದ್ರಲ್ಲಿ ನೆನಪು ಮಾಡ್ಕೊಳ್ಳೋದೇನಿದೆ? ನಾನು ಬಂದ ದಿನಾನೇ ಕೀ ಇಸ್ಕೊಂಡೆ. ಅವ್ನ ಕೈಲಿದ್ರೆ ಕಳೀತಾನೆ. ಅವತ್ತಿಂದ ಇದು ನನ್ನ ಕೊರಳು ಬಿಟ್ಟಿಲ್ಲ."

ನನಗೆ ಅವಳ ಮೇಲೆ ಅಭಿಮಾನ ಉಕ್ಕಿತು. ಗಂಡನನ್ನು ಉಳಿಸಿಕೊಳ್ಳಲು ಇನ್ಯಾರಾದರೂ ಆಗಿದ್ದರೆ ಹತ್ತು ಜನರ ಹೆಸರು ಹೇಳುತ್ತಿದ್ದರು. ಇವಳು ತನಗೆ ನಷ್ಟವಾದರೂ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾಳೆ ಎಂದುಕೊಂಡೆ.

ಆ ಅಭಿಮಾನದಲ್ಲೇ ಬಾಯಿ ಬಿಟ್ಟೆ. ಅವಳ ಎರಡೂ ಭುಜ ಹಿಡಿದು ಎಲ್ಲ ಹೇಳಿದೆ. ಪೊಲೀಸರಿಗೆ ಸಿಕ್ಕಿದ ತೋಟೆಯಲ್ಲಿ ಕೇಪು ಇತ್ತು, ಆದ್ದರಿಂದ ಎಲ್ಲರೂ ಅದು ಕೋವಿಯಿಂದ ಬಿದ್ದದ್ದು ಎಂದುಕೊಂಡರು, ನಾನೂ ಸೇರಿ. ಅದು ಈ ಡಬ್ಬದ್ದಾಗಿದ್ದರೆ ಅದರ ಕುತ್ತಿಗೆ ಹಿಂಡಿರುತ್ತದೆ. ಹಿಂಡಿದ್ದರೆ ಅದನ್ನು ಲೋವೆಲ್ ಅಲ್ಲಿ ಹೊಡೆದಿಲ್ಲ, ಯಾರೋ ಬೇರೆ ಕೋವಿಯಿಂದ ಹೊಡೆದು ಇದನ್ನು ತಂದು ಎಸೆದಿದ್ದಾರೆ.

"ಅರ್ಥ ಆಯ್ತಾ? ಕದ್ದವನಿಗೆ ಸೂಜಿ ಮುರಿದದ್ದು ಗೊತ್ತಿರ್ಲಿಲ್ಲ. ಕೇಪು ನೋಡಿ ಮೋಸ ಹೋದ. ಲೋವೆಲ್ ಮನೆಗೆ ಬರ್ತಾನೆ ಕಣೇ!"

ಆರ್ಡಿತಳ ಮುಖದ ಬಣ್ಣ ಇಳಿಯಿತು. ಬೆಂಚು ಹಿಡಿದುಕೊಂಡಳು. ಕಣ್ಣಿನಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ.

"ಬೀಗ ಹಳೇದು," ಎಂದಳು. "ಎಳೆದ್ರೆ ಬಿಚ್ಕೊಳ್ಳುತ್ತೆ. ಯಾರು ಬೇಕಾದ್ರೂ ಬಂದಿರಬಹುದು."

"ಮತ್ತೆ! ಅದನ್ನೇ ಶೆರಿಫ್ ಮುಂದೆ ಹೇಳು."

ಡಬ್ಬವನ್ನು ಆಗಲೇ ಎತ್ತಿಕೊಂಡು ಬರಬೇಕಿತ್ತು. ಆದರೆ ಸಾಕ್ಷಿಯ ವಸ್ತುವನ್ನು ಒಬ್ಬಳೇ ಎತ್ತಿದರೆ ನಾಳೆ ನ್ಯಾಯಾಲಯದಲ್ಲಿ ನೀನೇ ತುಂಬಿಟ್ಟೆ ಎನ್ನುತ್ತಾರೆ. ಶೆರಿಫ್ ಎದುರಲ್ಲೇ ತೆಗೆಯಬೇಕು ಎಂಬ ನಿಯಮ ನನ್ನ ತಲೆಯಲ್ಲಿ ಕೂತಿತ್ತು.

"ಇದಕ್ಕೆ ಬೀಗ ಹಾಕು. ಶೆರಿಫ್ ಕರ್ಕೊಂಡು ಬರ್ತೀನಿ. ನಿನ್ನ ಗಂಡನ ಜೀವ ಈ ಡಬ್ಬದಲ್ಲಿದೆ, ಹುಷಾರು."

"ಹುಷಾರಾಗೇ ಇಡ್ತೀನಿ," ಎಂದಳು ಆರ್ಡಿತ್.

ಪಟ್ಟಣದ ದಾರಿಯುದ್ದಕ್ಕೂ ನೆಲ ಹೆಪ್ಪುಗಟ್ಟಿತ್ತು. ಕ್ರೆಬ್ಸನ ಹೊಲದಲ್ಲಿ ದನಗಳು ಗಾಳಿಗೆ ಬೆನ್ನು ಕೊಟ್ಟು ನಿಂತಿದ್ದವು, ಮೇವು ಹಾಕುವವರು ಯಾರೆಂದು ಅವಕ್ಕೂ ತಿಳಿಯದು. ಆ ಬೇಲಿ ದಾಟುವಾಗ ನಾನು ಯಾವಾಗಲೂ ಮುಖ ತಿರುಗಿಸುತ್ತೇನೆ. ಅವತ್ತು ತಿರುಗಿಸಲಿಲ್ಲ.

ಶೆರಿಫ್ ಕಚೇರಿಯಲ್ಲಿರಲಿಲ್ಲ, ಸರ್ಕಾರಿ ವಕೀಲರ ಜೊತೆ ತಪ್ಪೊಪ್ಪಿಗೆ ಪತ್ರ ತರಲು ನ್ಯಾಯಾಲಯಕ್ಕೆ ಹೋಗಿದ್ದರು. ಸಾಕ್ಷಿ ಕೋಣೆಯ ಬೀಗ ತೆಗೆದು ಆ ಪುಟ್ಟ ಕಾಗದದ ಚೀಲ ಕೈಗೆತ್ತಿಕೊಂಡೆ. ಎಷ್ಟು ಸಲ ನೋಡಿದ್ದೆನೋ. ಅದರ ಒಂದು ಪಕ್ಕದಲ್ಲಿ ತೋಟೆಯ ಭುಜ, ಅಂದರೆ ಕುತ್ತಿಗೆಯ ಬುಡ, ತಾಗುವ ಕಡೆ ಕಾಗದ ಪಾರದರ್ಶಕವಾಗಿತ್ತು, ಬೆಣ್ಣೆ ಕಟ್ಟಿದ ಪೊಟ್ಟಣದ ಹಾಗೆ. ಮರದ ಅಂಟು ಎಂದು ಇಷ್ಟು ದಿನ ಬಿಟ್ಟಿದ್ದೆ. ನನ್ನ ಕಣ್ಣಿಗೆ ಮಣ್ಣು ಬೀಳ!

ಮುದ್ರೆ ಒಡೆದೆ. ಶೆಡ್ಡಿನಿಂದ ಜೇಬಿಗೆ ಹಾಕಿಕೊಂಡು ಬಂದಿದ್ದ ಗುಂಡನ್ನು ತೋಟೆಯ ಬಾಯಿಗಿಟ್ಟೆ.

ನಿಂತಿತು.

ಮತ್ತೆ ಇಟ್ಟೆ, ತಿರುಗಿಸಿ ಇಟ್ಟೆ, ಒತ್ತಿದೆ. ಒಳಗೆ ಹೋಗಲೊಲ್ಲದು. ಪ್ರಯೋಗಾಲಯದವರು ಕೇಪನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದರು. ಬಾಯಿಗೊಂದು ಗುಂಡು ಇಟ್ಟು ನೋಡಬೇಕೆಂದು ಅವರಿಗಾಗಲಿ ನನಗಾಗಲಿ ಹೊಳೆದಿರಲಿಲ್ಲ.

ಶೆರಿಫ್ ಬರುವವರೆಗೆ ಕಾಯಬಹುದಿತ್ತು. ಕಾಯಬೇಕಿತ್ತು. ಆದರೆ ಅವನನ್ನು ಹಿಡಿದು ತಂದವಳು ನಾನು, ಬಿಡುಗಡೆಯ ಮಾತನ್ನೂ ನಾನೇ ಮೊದಲು ಹೇಳಬೇಕೆಂಬ ಆಸೆ ತಡೆಯಲಾಗಲಿಲ್ಲ. ಚೀಲ, ತೋಟೆ, ಗುಂಡು ಮೂರನ್ನೂ ಹಿಡಿದು ಲಾಕಪ್ಪಿಗೆ ಓಡಿ ಕಂಬಿ ಬಾಗಿಲು ತೆರೆದು ಒಳಗೆ ಹೋದೆ.

ಲೋವೆಲ್ ಕಬ್ಬಿಣದ ಮಂಚದ ಮೇಲೆ ಕೂತಿದ್ದ. ಗಡ್ಡ ಬೆಳೆದಿತ್ತು. ಲೇಸು ಕಿತ್ತ ಬೂಟುಗಳ ನಾಲಗೆ ಹೊರಗೆ ಬಿದ್ದಿತ್ತು.

"ಕಾಲುಚೀಲ ತಂದ್ಯಾ?" ಎಂದ.

"ಕಾರಲ್ಲಿದೆ. ಕಾಲುಚೀಲಕ್ಕೆ ಬೆಂಕಿ ಬೀಳ್ಲಿ. ಇದು ನೋಡು."

ತೋಟೆಯನ್ನು ಅವನ ಕೈಗೆ ಕೊಟ್ಟೆ. ಇಷ್ಟು ದಿನ ಅವನಿಗೆ ಅದರ ಫೋಟೋ ಮಾತ್ರ ತೋರಿಸಿದ್ದರು. ಅವನು ಬೆರಳಲ್ಲಿ ಹೊರಳಿಸಿದ, ಮತ್ತೆ ಹೊರಳಿಸಿದ. ಹೆಬ್ಬೆರಳು ಭುಜದ ಹತ್ತಿರ ಬಂದು ತಡೆಯಿತು.

"ಜಿಡ್ಡು," ಎಂದ.

"ಈಗ ಇದು." ಗುಂಡು ಕೊಟ್ಟೆ.

ಅವನು ಅದನ್ನು ಬಾಯಿಯ ಮೇಲೆ ನಿಲ್ಲಿಸಿದ. ಅದು ನಿಂತಿತು. ಅವನ ಗಂಟಲಿನಿಂದ ಒಂದು ಸದ್ದು ಬಂತು, ಅಳುವೋ ನಗುವೋ ತಿಳಿಯಲಿಲ್ಲ.

"ಇದು ನನ್ನ ಡಬ್ಬದ್ದು! ಸೂಜಿ ಮುರೀತು ಇರ್ಮಾ. ಯಾವನೋ ಬಡ್ಡೀಮಗ ಗುರಿ ಅಭ್ಯಾಸದ ಜಾಗದಲ್ಲಿ ಎರಡು ತೂತಿಂದು ಬಿಟ್ಟು ಹೋಗಿದ್ದ, ನನ್ನ ತೋಟೆಗಳ ಜೊತೆ ಸೇರ್ಕೊಂಡಿತ್ತು. ಸಿಟ್ಟು ಬಂತು. ಸೂಜಿ ಇಲ್ದೇನೇ ಎಲ್ಲ ಎಳೆದುಬಿಟ್ಟೆ."

"ಯಾವಾಗ?"

"ಆರ್ಡಿತ್ ಊರಲ್ಲಿರ್ಲಿಲ್ಲ. ಅವಳು ಬರೋ ಹಿಂದಿನ ದಿನ."

"ಆಮೇಲೆ ಶೆಡ್ಡಿಗೆ ಹೋಗಿದ್ಯಾ?"

"ಎಲ್ಲಿಂದ? ಕರುಗಳು ಸಾಯ್ತಿದ್ವು." ಅವನು ಎದ್ದು ನಿಂತ. ನಾಲ್ಕು ವಾರದಲ್ಲಿ ಮೊದಲ ಸಲ ಅವನ ಬೆನ್ನು ನೆಟ್ಟಗಾಗಿದ್ದು ಕಂಡೆ. "ನನ್ನ ಹಾಳು ಅವಸರ ನನ್ನ ಉಳಿಸ್ತು ನೋಡು! ಆರ್ಡಿತ್ ಯಾವಾಗ್ಲೂ ಬಯ್ತಾಳೆ, ನಿಂಗೆ ತಾಳ್ಮೆ ಇಲ್ಲ, ನಿಂಗೆ ತಾಳ್ಮೆ ಇಲ್ಲ ಅಂತ. ಹೋಗಿ ಹೇಳ್ಬೇಕು ಅವಳಿಗೆ."

"ಹೇಳಿಯಾಯ್ತು."

"ಏನಂದ್ಲು?"

"ಅತ್ತಳು ಪಾಪ."

ಅವನು ನಗುತ್ತಲೇ ಇದ್ದ. "ಸೂಜಿ ಮುರಿದದ್ದು ಅವಳಿಗೆ ಗೊತ್ತಾದ್ರೆ ಬಯ್ತಾಳೆ ಅಂತ ಹೇಳಿರ್ಲಿಲ್ಲ. ಸುಮ್ನೆ ಹೊಸದು ತರಿಸಿ ಹಾಕಿದ್ರಾಯ್ತು ಅಂತ..."

ನಗು ಮುಖದ ಮೇಲೆ ಇನ್ನೂ ಇತ್ತು, ಕಣ್ಣುಗಳು ಮಾತ್ರ ಬೇರೆಲ್ಲೋ ಹೋಗಿದ್ದವು.

"ಕಳ್ಳ ಹೇಗೆ ಒಳಗೆ ಬಂದ?" ಎಂದ.

"ಅದನ್ನೇ ಹುಡುಕ್ಬೇಕು. ಬೀಗ ಹಳೇದು, ಎಳೆದ್ರೆ ಬಿಚ್ಕೊಳ್ಳುತ್ತಂತೆ."

"ಯಾರಂದ್ರು?"

"ಆರ್ಡಿತ್."

"ಆ ಬೀಗ ನಾನು ಬೇಸಿಗೇಲಿ ತಂದು ಹಾಕಿದ್ದು." ಅವನು ಮೆಲ್ಲಗೆ ಮಂಚದ ಮೇಲೆ ಕೂತ. "ಇರ್ಮಾ, ಸರಿಯಾಗಿ ಹೇಳು. ನೀನು ಈ ತೋಟೆ ವಿಷಯ ಹೇಳೋಕೆ ಮೊದ್ಲು ಏನಂದ್ಲು? ಆಮೇಲಲ್ಲ. ಮೊದ್ಲು."

ನಾನು ಬಾಯಿ ತೆರೆದೆ. ತೆರೆದ ಮೇಲೆ ನನಗೂ ಕೇಳಿಸಿತು, ನಾನು ಏನು ಹೇಳಲು ಹೊರಟಿದ್ದೇನೆ ಎಂದು.

"ಯಾರೂ ಬಂದಿಲ್ಲ ಅಂದ್ಲು. ಕೀ... ಕೀ ಅವಳ ಕೊರಳಲ್ಲೇ ಇತ್ತು ಅಂದ್ಲು."

ಲಾಕಪ್ಪನ್ನು ಬೆಚ್ಚಗಿಡುವ ಹಬೆ ಕೊಳವೆ ಟಕಟಕ ಎನ್ನುತ್ತಿತ್ತು. ಲೋವೆಲ್ ತನ್ನ ಅಂಗೈಯಲ್ಲಿದ್ದ ತೋಟೆಯನ್ನು ಬುಡ ಮೇಲೆ ಮಾಡಿ ಕೇಪಿನ ಮೇಲೆ ಬೆರಳಿಟ್ಟ.

ಕೇಪು ಇದ್ದರೆ ಕೋವಿಯಿಂದ ಬಿದ್ದ ಹಾಗೇ ಇದೆ ಎಂದು ಲೆಕ್ಕ. ಇದನ್ನು ಆ ಬೆಂಚಿನಲ್ಲಿ ಅವನ ಪಕ್ಕ ಕೂತು, ಅವನ ಕೈಯಿಂದ ಡಬ್ಬ ಇಸಿದುಕೊಳ್ಳುತ್ತ ಬಂದವಳಿಗಿಂತ ಗಟ್ಟಿಯಾಗಿ ನಂಬಿದವರು ಯಾರು? ಕೈಗವಸು ಹಾಕಿದ್ದ ಅವಳ ಬೆರಳಿಗೆ ಜಿಡ್ಡು ತಿಳಿದಿರಲಿಕ್ಕಿಲ್ಲ. ಹಿಂಡಿದ ತೋಟೆಯಲ್ಲಿ ಕೇಪು ಇರುವುದನ್ನು ಅವಳು ಒಮ್ಮೆಯೂ ಕಂಡವಳಲ್ಲ.

"ಲೋವೆಲ್," ಎಂದೆ. ನನ್ನ ದನಿ ನನಗೇ ಅಸಹ್ಯವಾಯಿತು. "ಅವಳಿಗೂ ವಿನ್ಸನಿಗೂ ಏನಿತ್ತು?"

"ಯಾರಿಗೆ?"

"ಆರ್ಡಿತಳಿಗೆ. ವಿನ್ಸೆಂಟ್ ಅಂತಾಳೆ ಅವನನ್ನ."

ಅವನು ಬಗ್ಗಿ, ತೋಟೆಯನ್ನು ಸಿಮೆಂಟಿನ ನೆಲದ ಮೇಲೆ ಅಡ್ಡಡ್ಡ ಇಟ್ಟ. ಏನೋ ತೋರಿಸಲು ಇಡುತ್ತಿದ್ದಾನೆ ಎಂದುಕೊಂಡೆ. ಎದ್ದ. ಇಡೀ ಮೈಭಾರ ಹಾಕಿ ಬೂಟಿನ ಹಿಮ್ಮಡಿಯಿಂದ ತೋಟೆಯ ಕುತ್ತಿಗೆಯ ಮೇಲೆ ತುಳಿದ.

"ಏಯ್!"

ಮತ್ತೆ ತುಳಿದ. ನಾನು ಅವನ ಎದೆಗೆ ಡಿಕ್ಕಿ ಹೊಡೆದು ಮಂಚಕ್ಕೆ ಕೆಡವಿದೆ. ಅವನು ಎದುರಾಡಲಿಲ್ಲ. ಮಂಡಿಯೂರಿ ತೋಟೆ ಎತ್ತಿಕೊಂಡೆ. ಬಾಯಿ ಚಪ್ಪಟೆಯಾಗಿ ತುಟಿ ಕಚ್ಚಿಕೊಂಡಿತ್ತು, ಭುಜ ಸೀಳಿತ್ತು. ಅದು ಅಗಲ ಇತ್ತೋ ಕಿರಿದಾಗಿತ್ತೋ ಇನ್ನು ದೇವರೂ ಅಳೆಯಲಾರ. ಬುಡದ ಕೇಪು ಮಾತ್ರ ಅಲುಗದೆ ಕೂತಿತ್ತು, ಲೋವೆಲನ ಕೋವಿಯ ಗುರುತು ಹೊತ್ತುಕೊಂಡು.

"ಹುಚ್ಚು ಹಿಡೀತೇನೋ ನಿಂಗೆ? ಅದು ನಿನ್ನ ಜೀವ ಆಗಿತ್ತು!"

"ನನ್ನ ಜೀವ ತಾನೇ. ನಿಂದಲ್ಲ."

"ನಿನ್ನ ಮೇಲೇ ಹಾಕಿದಾಳೆ ಕಣೋ! ನಿನ್ನ ಡಬ್ಬದಿಂದ ತೆಗೆದು, ನಿನ್ನ ಹೆಸರಿಗೆ..."

"ಯಾರು?" ಲೋವೆಲ್ ಕೇಳಿದ. "ನಾನು ಯಾರ ಹೆಸರೂ ಎತ್ತಿಲ್ಲ. ನೀನೂ ಎತ್ಬೇಡ."

"ನಾನು ನೋಡಿದೀನಿ. ನಾನು ಸಾಕ್ಷಿ ಹೇಳ್ತೀನಿ."

"ಏನಂತ? ಮುದ್ರೆ ಒಡೆದು, ಸಾಕ್ಷಿ ತಂದು ಆರೋಪಿ ಕೈಗೆ ಕೊಟ್ಟೆ ಅಂತಲಾ?" ಅವನು ಇದನ್ನು ಕುಹಕದಿಂದ ಹೇಳಲಿಲ್ಲ, ನನಗಾಗಿ ಮರುಗಿದವನ ಹಾಗೆ ಹೇಳಿದ. "ಕೆಲಸ ಹೋಗುತ್ತೆ ಇರ್ಮಾ. ಸುಮ್ನಿರು."

ನನಗೆ ಅಳು ಬಂತು. ಬಂಧಿಸಿದ ದಿನ ಬಂದಿರಲಿಲ್ಲ. ನಿಯಮ ಮುರಿಯಬೇಕಾದಲ್ಲಿ ಪಾಲಿಸಿದ್ದೆ, ಪಾಲಿಸಬೇಕಾದಲ್ಲಿ ಮುರಿದಿದ್ದೆ. ಇಷ್ಟು ವರ್ಷ ಈ ಬಿಲ್ಲೆ ಹಾಕಿಕೊಂಡು ತಿರುಗಿದ್ದಕ್ಕೆ ಅವತ್ತು ನಾಚಿಕೆಯಾಯಿತು.

"ಯಾಕೆ ಹೀಗೆ ಮಾಡ್ತೀಯ? ಅಷ್ಟಾದ್ರೂ ಹೇಳು."

ಅವನು ಬೂಟಿನ ನಾಲಗೆ ಒಳಗೆ ತುರುಕಿದ. "ಅವಳು ಅಷ್ಟು ಮಾಡ್ಬೇಕಾದ್ರೆ," ಎಂದ, "ಪಕ್ಕದಲ್ಲೇ ಕೂತಿದ್ದ ನಂಗೆ ಏನೂ ಕಾಣ್ಲಿಲ್ಲ ಅಲ್ವಾ."

ಹೊರಗಿನ ಬಾಗಿಲು ಕಿರುಗುಟ್ಟಿತು. ಶೆರಿಫ್ ಬ್ರುಗರ್ ಕಾಗದದ ಕಟ್ಟು ಹಿಡಿದು ಒಳಗೆ ಬಂದರು, ಹಿಂದೆಯೇ ಇಬ್ಬರು ವಕೀಲರು. ಟೋಪಿಯ ಮೇಲಿನ ಹಿಮ ಕೊಡವುತ್ತಿದ್ದ ಶೆರಿಫರ ಕೈ ಅರ್ಧದಲ್ಲೇ ನಿಂತಿತು. ನನ್ನ ಎಡಗೈಯಲ್ಲಿ ಮುದ್ರೆ ಒಡೆದ ಚೀಲವಿತ್ತು.

"ಇರ್ಮಾ," ಎಂದರು ಅವರು ನಿಧಾನವಾಗಿ. "ಏನದು ನಿನ್ನ ಕೈಲಿ?"

"ಶೆರಿಫ್, ಸಹಿ ಹಾಕಿಸ್ಬೇಡಿ. ಇವನು ಕೊಂದಿಲ್ಲ. ಈಗ್ಲೇ ನನ್ನ ಜೊತೆ ಹೌಗೆನ್ ಶೆಡ್ಡಿಗೆ ಬನ್ನಿ. ಬೆಂಚಿನ ಕೆಳಗೆ ಒಂದು ಡಬ್ಬ ಇದೆ, ಅದ್ರಲ್ಲಿ ಇಂಥವೇ ತುಂಬಿವೆ, ಅದೊಂದು ಸಾಕು..."

"ಪೆನ್ನು ಕೊಡಿ ಶೆರಿಫ್," ಎಂದ ಲೋವೆಲ್.

ಕಾಗದವನ್ನು ಮಂಡಿಯ ಮೇಲೆ ಹರಡಿಕೊಂಡು, ಕನ್ನಡಕವಿಲ್ಲದೆ ಕಣ್ಣು ಕಿರಿದು ಮಾಡಿ ತನ್ನ ಹೆಸರು ಬರೆಯಬೇಕಾದ ಗೆರೆಯನ್ನು ಹುಡುಕಿದ. ನನ್ನ ಕಡೆಗೆ ತಿರುಗಲೂ ಇಲ್ಲ.

"ಅವಳಿಗೆ ಡಬ್ಬದ ವಿಷಯ ಹೇಳಿ ಎಷ್ಟು ಹೊತ್ತಾಯ್ತು ಇರ್ಮಾ?" ಎಂದು ಕೇಳಿದ, ಸಹಿ ಹಾಕುತ್ತಲೇ.